ಉಟ್ಟದ್ದು, ತೊಟ್ಟದ್ದು

ಕತ್ತರಿಸಿ ಹೊಲಿದ ಉಡುಪು ಸುಲ್ತಾನರ ಜೊತೆಗೆ ಬಂತು, ಅದಕ್ಕೆ ಮೊದಲು ನಮ್ಮಲ್ಲಿದ್ದುದೆಲ್ಲ ಸುತ್ತಿಕೊಳ್ಳುವ ಬಟ್ಟೆ ಎಂಬ ಮಾತು ಮತ್ತೊಮ್ಮೆ ಅಚ್ಚಾಗಿದೆ. ಇದನ್ನು ಅಲ್ಲಗಳೆಯಲು ಕುಪ್ಪಸವೊಂದೇ ಸಾಕು. ಅದು ಕೂರ್ಪಾಸದ ತದ್ಭವ. ಅಮರಕೋಶ ಚೋಲ, ಕೂರ್ಪಾಸಕ ಎರಡನ್ನೂ ಜೊತೆಯಾಗಿ ಹೇಳುತ್ತದೆ. ಕೂರ್ಪರವೆಂದರೆ ಮೊಣಕೈ, ಅದರಿಂದಲೇ ಹಳೆಯ ವ್ಯಾಖ್ಯಾನಕಾರರು ಪದವನ್ನು ಬಿಡಿಸಿದರು. ಋತುಸಂಹಾರದಲ್ಲಿ ಅದು ಚಳಿಗಾಲದ ಹೆಂಗಸರ ಎದೆಗೆ ಬಿಗಿಯಾಗಿದೆ. 7ನೆಯ ಶತಮಾನದ ಬಾಣನ ಹರ್ಷಚರಿತದಲ್ಲಿ ಅರಸರೂ ಕೂರ್ಪಾಸಕ ಧರಿಸಿದ್ದಾರೆ. ಕುಪ್ಪಸವೆಂದರೆ ಹೆಣ್ಣುಡುಗೆ ಮಾತ್ರ ಎನ್ನುವವರು ಇದನ್ನೂ ಗಮನಿಸಬೇಕು.

ಉತ್ತರದ ಸಂಸ್ಕೃತ ಕಾವ್ಯಗಳಿಂದ ಕನ್ನಡನಾಡಿನ ಉಡುಗೆಯನ್ನು ಸಾಧಿಸಲಾಗದು, ಕುಪ್ಪಸವೂ ಎರವಲು ಪದವೇ ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಹೆಸರು ಎರವಲಾದರೂ ಅದರ ಜೊತೆ ಬರುವ ಕ್ರಿಯಾಪದ ಅಚ್ಚಗನ್ನಡದ್ದು. ಸೀರೆ, ಪಂಚೆಗಳನ್ನು ಉಡುತ್ತೇವೆ. ಕುಪ್ಪಸ, ಅಂಗಿಗಳನ್ನು ತೊಡುತ್ತೇವೆ. ಉಡಿ, ಉಡುದಾರ ಎಂಬ ಮಾತುಗಳಲ್ಲಿ ಉಡು ಸೊಂಟವನ್ನು ಬಳಸಿ ನಿಂತಿದೆ. ತೊಡುವಿನ ಹರಹು ಇನ್ನೂ ದೊಡ್ಡದು: ಬಳೆ ತೊಡುತ್ತೇವೆ, ಉಂಗುರ ತೊಡುತ್ತೇವೆ, ಬಿಲ್ಲಿಗೆ ಬಾಣ ತೊಡುತ್ತೇವೆ, ಪಣವನ್ನೂ ತೊಡುತ್ತೇವೆ. ಬಳೆಗೆ ಹೊಲಿಗೆಯೆಲ್ಲಿದೆ? ಹಾಗಾದರೆ ಸೂಜಿ ಯಾವಾಗ ಬಂತು ಎಂದು ಜಗಳವಾಡುವುದೇ ದಾರಿ ತಪ್ಪಿದ ಕೆಲಸ. ಮೈಗೆ ಬರುವ ಮೊದಲೇ ತನ್ನ ಆಕಾರ ಪಡೆದು, ಮೈಗೆ ಸರಿಯಾಗಿ ಕೂರಬೇಕಾದದ್ದನ್ನು ಕನ್ನಡ ತೊಡು ಎಂದಿತು. ಸೀರೆಗೆ ಉಟ್ಟ ಮೇಲೆಯೇ ಆಕಾರ.

ಉತ್ತರ ಕರ್ನಾಟಕದಲ್ಲಿ ಬಸುರಿಗೆ ಮಾಡುವ ಶಾಸ್ತ್ರದ ಹೆಸರೇ ಕುಬಸ. ಸೀರೆ ಉಡಿಸಿ, ಕುಬಸ ತೊಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಹೆಂಗಸರ ಬಾಯಲ್ಲಿ ಈ ಎರಡು ಕ್ರಿಯಾಪದಗಳು ಎಂದೂ ಅದಲುಬದಲಾಗುವುದಿಲ್ಲ. ಅದಲುಬದಲಾಗುವುದು ಪತ್ರಿಕೆಯ ಚಿತ್ರಗಳ ಅಡಿಬರಹದಲ್ಲಿ. ಅಲ್ಲಿ ನಟಿಯರು ಸೀರೆ ತೊಡುತ್ತಾರೆ, ಮಂತ್ರಿಗಳು ಪಂಚೆ ಹಾಕುತ್ತಾರೆ. ನೆರಿಗೆಯನ್ನೂ ಹೊಲಿದಿಟ್ಟ ಸಿದ್ಧ ಸೀರೆ ಬಂದಿರುವಾಗ ಈ ಭೇದವೇಕೆ ಎಂದು ಕೇಳುವವರಿದ್ದಾರೆ. ಆ ಸೀರೆಯನ್ನು ಧಾರಾಳವಾಗಿ ತೊಡಲಿ. ಆಕಾರ ಮೊದಲೇ ಇರುವುದರಿಂದ ಅಲ್ಲಿ ತೊಡುವೇ ಸರಿ. ಉಳಿದ ಸೀರೆಗಳನ್ನು ಮಾತ್ರ, ವರದಿಗಾರ ಮಿತ್ರರೇ, ದಯವಿಟ್ಟು ಉಡಿಸಿ.