ನೀಲಿ ಗಾಡಿಯ ಒಂದು ವರ್ಷ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಮೊನ್ನೆ ವಿಜಯನಗರದಲ್ಲಿ ಒಂದು ಸಭೆ ಮುಗಿಸಿ ಟೀ ಕುಡೀತಾ ನಿಂತಿದ್ದಾಗ ಹಿರಿಯ ಸಂಗಾತಿಯೊಬ್ಬರು ಎಲ್ಲರ ಎದುರೇ ಕೇಳಿದ್ರು: 'ಏನಪ್ಪಾ, 2025ರಲ್ಲಿ ನಿನ್ನ ಹೋರಾಟ ಪೂರಾ ಟೆಂಟಲ್ಲೇ ನಡೀತಂತೆ?' ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಕೆಂಗೇರಿ ಉಪನಗರದ ಮನೆ ಸೇರೋವರೆಗೂ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಅವರು ತಮಾಷೆಗೆ ಅಂದಿದ್ದಕ್ಕೆ ನಾನು ಸೀರಿಯಸ್ಸಾಗಿ ಉತ್ತರ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳ್ತೀನಿ. ನಾವು ಐದು ಜನ ಗೆಳೆಯರು ಚೀಟಿ ಹಾಕಿ, ಸಾಲ ಮಾಡಿ, ಸ್ಕೂಲಿಗೆ ಓಡ್ತಿದ್ದ ಒಂದು ಹಳೇ ಟೆಂಪೋ ಟ್ರಾವೆಲರ್ ತಗೊಂಡ್ವಿ. ಮಾಗಡಿ ರಸ್ತೆಯ ಗ್ಯಾರೇಜಿನಲ್ಲಿ ಕೆಲಸ ಮಾಡೋ ನಮ್ಮ ಗೆಳೆಯನೇ ಇಂಜಿನ್ ಬಿಚ್ಚಿ ಕಟ್ಟಿದ. ಹಿಂದಿನ ಸೀಟು ಮಡಚಿ ಎರಡು ಹಲಗೆ ಮಂಚ, ಒಂದು ಗ್ಯಾಸ್ ಒಲೆ, ನೂರು ಲೀಟರಿನ ನೀರಿನ ಡ್ರಮ್ಮು, ಮೂರು ಟೆಂಟು. ಎಲ್ಲಾ ಬಿಚ್ಚಿ ಇಡೋ ಥರಾನೇ ಮಾಡಿದೀವಿ. ಯಾಕಂದ್ರೆ ಅನುಮತಿ ಇಲ್ಲದೆ ಗಾಡಿಯ ರೂಪ ಬದಲಾಯಿಸಿದ್ರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ನಮ್ಮಂಥವರಿಗೆ ಕಾನೂನು ಬೇಗ ನೆನಪಾಗುತ್ತೆ! ಯೂಟ್ಯೂಬಿನಲ್ಲಿ 'ಕ್ಯಾರವಾನ್' ಅಂತ ತೋರಿಸ್ತಾರಲ್ಲ, ಅದರ ಬಡ ನೆಂಟ ನಮ್ಮ ಗಾಡಿ. ನೀಲಿ ಬಣ್ಣ ಹೊಡೆಸಿ ಹಿಂದಿನ ಗಾಜಿಗೆ ಬಾಬಾಸಾಹೇಬರ ಚಿತ್ರ ಅಂಟಿಸಿದ್ವಿ. ವರ್ಷದಲ್ಲಿ ಹನ್ನೊಂದು ಸಲ ಹೊರಟ್ವಿ. ಒಂದು ಸಲ ನೈಸ್ ರಸ್ತೆ ದಾಟೋಕೆ ಮುಂಚೆನೇ ಕೆಟ್ಟು ನಿಂತು ವಾಪಸ್ ಬಂದ್ವಿ, ಅದನ್ನೂ ಲೆಕ್ಕಕ್ಕೆ ಸೇರಿಸ್ತೀನಿ.

ಮೊದಲನೇ ರಾತ್ರಿ ಮಂಚನಬೆಲೆ. ಕೆಂಗೇರಿಯಿಂದ ದೊಡ್ಡ ಆಲದ ಮರ ದಾಟಿದ್ರೆ ಬಂದೇಬಿಡ್ತು. ಅರ್ಕಾವತಿಗೆ ಕಟ್ಟಿದ ಅಣೆಕಟ್ಟು, ಸುತ್ತ ಬೆಟ್ಟ. ವೀಕೆಂಡ್ ಬಂದ್ರೆ ಇಡೀ ಬೆಂಗಳೂರು ಅಲ್ಲಿರುತ್ತೆ. ಕಯಾಕಿಂಗ್, ಬಾರ್ಬೆಕ್ಯೂ, ಗಿಟಾರು, ಸ್ಪೀಕರು. ಅಲ್ಲಿ ಟೆಂಟು ಹಾಕೋ ಹುಡುಗ್ರಲ್ಲಿ ಎಷ್ಟು ಜನಕ್ಕೆ ಅದು ಸಿದ್ಧಲಿಂಗಯ್ಯ ಹುಟ್ಟಿದೂರು ಅಂತ ಗೊತ್ತಿರುತ್ತೆ? 'ಊರು ಕೇರಿ' ಓದಿದವರಿಗೆ ಮೊದಲ ದೃಶ್ಯ ಮರೆಯೋಕಾಗಲ್ಲ. ಹೊಲದಲ್ಲಿ ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರಿಗೆ ನೊಗ ಕಟ್ಟಿ ಉಳ್ತಿರ್ತಾರೆ, ಅವರಲ್ಲಿ ಒಬ್ಬರು ಆ ಹುಡುಗನ ಅಪ್ಪ. ಆ ಹುಡುಗ ಶ್ರೀರಾಂಪುರದ ಕೊಳೆಗೇರಿಗೆ ಬಂದು, ಓದಿ, ನಮ್ಮ ಪಕ್ಕದ ಜ್ಞಾನಭಾರತಿಯಲ್ಲೇ ಕನ್ನಡ ಪ್ರೊಫೆಸರ್ ಆದ್ರು. 2021ರ ಜೂನಿನಲ್ಲಿ ಕೋವಿಡ್ಡು ಅವರನ್ನ ತಗೊಂಡು ಹೋಯ್ತು.

ಆ ರಾತ್ರಿ ನಮ್ಮ ಗಾಡಿಯ ಬಲ್ಬಿನ ಬೆಳಕಲ್ಲಿ ಆ ಪುಟಗಳನ್ನ ಹನ್ನೆರಡು ವರ್ಷದ ನನ್ನ ಮಗಳು ಜೋರಾಗಿ ಓದಿದ್ಲು. ಪಕ್ಕದ ಟೆಂಟಿನ ಐಟಿ ಹುಡುಗ್ರು ಮೊದಲು ಪಾಟೀನ್ನ ಸೌಂಡ್ ಕಮ್ಮಿ ಮಾಡಿದ್ರು, ಆಮೇಲೆ ಒಬ್ಬ ಬಂದು ಕೂತ್ಕೊಂಡ. ಅವನ ಮನೆ ಬಸವೇಶ್ವರನಗರ. ಆ ಕಡೆ 'ವೆಜಿಟೇರಿಯನ್ಸ್ ಓನ್ಲಿ' ಅಂತ ಟು-ಲೆಟ್ ಬೋರ್ಡ್ ಹಾಕ್ತಾರಲ್ಲ, ಅದರ ಅರ್ಥ ಇವತ್ತು ಸರಿಯಾಗಿ ಆಯ್ತು ಸಾರ್ ಅಂದ. ನಾವು ಅವನಿಗೆ ಅದರ ಬಗ್ಗೆ ಏನೂ ಹೇಳಿರಲಿಲ್ಲ.

ಇನ್ನು ಕಹಿ ವಿಷಯ. ಮಲೆನಾಡಿನ ಒಂದು ಕಡೆ (ಜಾಗದ ಹೆಸರು ಬೇಡ) ತೋಟದೊಳಗಿನ ಕ್ಯಾಂಪಿಗೆ ಫೋನಿನಲ್ಲೇ ಬುಕ್ ಮಾಡಿದ್ವಿ. ತಲೆಗೆ ಒಂದೂವರೆ ಸಾವಿರ, ಅಡ್ವಾನ್ಸೂ ಕೊಟ್ಟಾಗಿತ್ತು. ಸಂಜೆ ಆರಕ್ಕೆ ತಲುಪಿದ್ವಿ, ಮಳೆ ಹನೀತಿತ್ತು. ಯಜಮಾನರು ಬಾಯ್ತುಂಬ ಮಾತಾಡಿಸಿದ್ರು. 'ಬೆಂಗಳೂರಲ್ಲಿ ಎಲ್ಲಿ? ಸ್ವಂತ ಊರು ಯಾವ್ದು?' ಅಂದ್ರು. ಹೇಳಿದೆ. 'ಅಲ್ಲಿ ಯಾವ ಪೈಕಿ?' ಅಂದ್ರು. ನಿಮಗೆಲ್ಲಾ ಗೊತ್ತಿರೋ ಪ್ರಶ್ನೆ. ನಾನು ಉತ್ತರ ಕೊಡೋ ಮೊದಲೇ ಅವರ ಕಣ್ಣು ಹಿಂದಿನ ಗಾಜಿನ ಮೇಲೆ ಹೋಯ್ತು. ಒಳಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದ್ರು. ಹುಡುಗ ತಪ್ಪು ಮಾಡಿ ಡಬಲ್ ಬುಕಿಂಗ್ ಮಾಡಿಬಿಟ್ಟಿದಾನೆ, ಟೆಂಟೆಲ್ಲಾ ಫುಲ್ಲು ಅಂದ್ರು. ತೋಟದಲ್ಲಿ ಆರು ಟೆಂಟು ಖಾಲಿ ನಿಂತಿದ್ವು. ಅಡ್ವಾನ್ಸು ಅಲ್ಲೇ ವಾಪಸ್ ಹಾಕಿದ್ರು, ಆ ವಿಷಯದಲ್ಲಿ ಬಹಳ ಪ್ರಾಮಾಣಿಕರು! ಮಗಳು 'ನಮ್ಮ ಟೆಂಟು ಗಾಡೀಲೇ ಇದ್ಯಲ್ಲಪ್ಪ, ಜಾಗ ಮಾತ್ರ ಕೊಡಿ ಅಂತ ಕೇಳು' ಅಂದ್ಲು. ಕೇಳಲಿಲ್ಲ. ಹೆದ್ದಾರಿಗೆ ಬಂದು ಒಂದು ಪೆಟ್ರೋಲ್ ಬಂಕಿನಲ್ಲಿ ಗಾಡಿ ಹಾಕಿದ್ವಿ. ಲಾರಿ ಡ್ರೈವರುಗಳು ಸ್ಟವ್ ಹಚ್ಚೋಕೆ ಗಾಳಿ ಇಲ್ಲದ ಮೂಲೆ ತೋರಿಸಿದ್ರು. ಬಂಕಿನ ಹುಡುಗ ಹೆಂಗಸರ ಟಾಯ್ಲೆಟ್ಟಿನ ಬೀಗ ತೆಗೆದುಕೊಟ್ಟ. ಒಂದು ವರ್ಷ ತಿರುಗಿದ ಮೇಲೆ ಹೇಳ್ತಿದ್ದೀನಿ, ನಮ್ಮ ರಾಜ್ಯದಲ್ಲಿ ಜಾತಿ ಕೇಳದ ಕ್ಯಾಂಪ್‌ಸೈಟ್ ಅಂದ್ರೆ ಪೆಟ್ರೋಲ್ ಬಂಕು.

ದೂರು ಕೊಡಬೇಕಿತ್ತು ಅಂತ ಆಮೇಲೆ ಬೈದವರಿದ್ದಾರೆ. ಒಪ್ತೀನಿ. ಸಂವಿಧಾನದ 15ನೇ ವಿಧಿಯ ಎರಡನೇ ಕಲಮಿನಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲಾ ಒಂದೊಂದಾಗಿ ಹೆಸರು ಹಿಡಿದು ಬರೆದಿದ್ದಾರೆ. ಸುಮ್ಮನೆ 'ಸಾರ್ವಜನಿಕ ಸ್ಥಳ' ಅಂತ ಬರೆದು ಮುಗಿಸಬಹುದಿತ್ತು. ಒಂದೊಂದು ಕಡೆಯಲ್ಲೂ ತಡೆಸಿಕೊಂಡವರು ಬರೆದ ಪಟ್ಟಿ ಅದು. ಆದ್ರೆ ಮಳೆಯಲ್ಲಿ, ಕತ್ತಲಲ್ಲಿ, ಹೆಂಡ್ತಿ ಮಗು ಜೊತೆ ಇದ್ದಾಗ 'ಡಬಲ್ ಬುಕಿಂಗ್' ಅನ್ನೋ ಮಾತನ್ನ ಯಾವ ಸೆಕ್ಷನ್ನಿಗೆ ಸೇರಿಸಿ ಎಫ್‌ಐಆರ್ ಹಾಕಿಸ್ತೀರಿ? ಬಾಯಲ್ಲಿ ಜಾತಿ ಹೆಸರು ಬರಲೇ ಇಲ್ಲ. ಈಗಿನ ಅಸ್ಪೃಶ್ಯತೆ ಬಹಳ ಓದಿಕೊಂಡಿದೆ.

ಅಮೆರಿಕದಲ್ಲಿ ಕಪ್ಪು ಜನರಿಗೆ ಇದೇ ಕಷ್ಟ ಇತ್ತು. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ವಿಕ್ಟರ್ ಹ್ಯೂಗೋ ಗ್ರೀನ್ ಅಂತ ಒಬ್ಬ ಪೋಸ್ಟ್‌ಮ್ಯಾನು 1936ರಲ್ಲಿ ಒಂದು ಪುಸ್ತಕ ತಂದ. ಕಾರಲ್ಲಿ ಹೊರಟ ಕಪ್ಪು ಕುಟುಂಬಕ್ಕೆ ಯಾವ ಊರಲ್ಲಿ ಯಾವ ಹೋಟೆಲು, ಯಾವ ಬಂಕು, ಯಾವ ಕ್ಷೌರದಂಗಡಿ ಒಳಗೆ ಬಿಡುತ್ತೆ ಅನ್ನೋ ಪಟ್ಟಿ. ಮೂವತ್ತು ವರ್ಷ ಬಂತು ಅದು. ಅವರಿಗೆ ಮೈಬಣ್ಣ ನೋಡಿದ್ರೆ ಗೊತ್ತಾಗ್ತಿತ್ತು. ನಮಗೆ ಊರು ಕೇಳಬೇಕು, ಅಪ್ಪನ ಹೆಸರು ಕೇಳಬೇಕು, ಊಟ ಕೇಳಬೇಕು. ಕೇಳೋಕೆ ಯಾರಿಗೂ ನಾಚಿಕೆ ಇಲ್ಲ. ನಮಗೂ ಅಂಥ ಒಂದು ಪಟ್ಟಿ ಬೇಕಾ ಅಂತ ಗಾಡಿಯಲ್ಲಿ ಜಗಳವೇ ಆಯ್ತು. ಬೇಕು ಅಂತ ನನ್ನ ಸಂಗಾತಿ ಅಂದ್ಲು. ಪಟ್ಟಿ ಮಾಡಿದ್ರೆ ಪಟ್ಟಿಯಲ್ಲಿಲ್ಲದ ಜಾಗ ಬಿಟ್ಟುಕೊಟ್ಟ ಹಾಗೆ ಅಂತ ನಾನಂದೆ. ಇನ್ನೂ ತೀರ್ಮಾನ ಆಗಿಲ್ಲ.

ಈಗ ಹಿರಿಯ ಸಂಗಾತಿಯ ಪ್ರಶ್ನೆಗೆ ಬರ್ತೀನಿ. ಚಳುವಳಿಯವರಿಗೆ ಪ್ರವಾಸ ಯಾಕೆ?

ಬಾಬಾಸಾಹೇಬರ 'ವೀಸಾಗಾಗಿ ಕಾಯುತ್ತಾ' ಎಲ್ಲರೂ ಓದಿರ್ತೀರಿ. 1901ರಲ್ಲಿ ಮಸೂರ್ ಸ್ಟೇಷನ್ನಿನಲ್ಲಿ ಇಳಿದ ಮಕ್ಕಳಿಗೆ ಗಾಡಿ ಸಿಗದೆ, ದುಪ್ಪಟ್ಟು ಬಾಡಿಗೆ ಕೊಟ್ಟು ತಾವೇ ಗಾಡಿ ಹೊಡ್ಕೊಂಡು, ದಾರಿಯುದ್ದ ಕುಡಿಯೋ ನೀರಿಲ್ಲದೆ ಹೋದ ಕಥೆ ನಮ್ಮ ಎಲ್ಲಾ ಭಾಷಣದಲ್ಲೂ ಬರುತ್ತೆ. ಅದೇ ಪುಸ್ತಕದ ಇನ್ನೊಂದು ಪ್ರಸಂಗ ಅಷ್ಟಾಗಿ ಬರಲ್ಲ. 1934ರಲ್ಲಿ ಚಳುವಳಿಯ ಸಂಗಾತಿಗಳಿಗೇ ಪ್ರವಾಸ ಹೋಗೋ ಆಸೆ ಆಯ್ತು. ಸುಮಾರು ಮೂವತ್ತು ಜನ ಬಸ್ಸು ಮಾಡ್ಕೊಂಡು ಹೊರಟ್ರು, ವೇರೂಳದ ಬೌದ್ಧ ಗುಹೆ ನೋಡಬೇಕು ಅಂತ. ತಾವು ಯಾರು ಅಂತ ಹೇಳದೆ ಹೋಗೋಣ, ಸುಮ್ಮನೆ ನೆಮ್ಮದಿಯಾಗಿ ನೋಡ್ಕೊಂಡು ಬರೋಣ ಅಂದುಕೊಂಡಿದ್ರು. ದೌಲತಾಬಾದ್ ಕೋಟೆಯ ಬಾಗಿಲ ಹತ್ತಿರದ ಕೊಳದಲ್ಲಿ ಧೂಳಾದ ಕೈಕಾಲು ತೊಳೆದಿದ್ದಕ್ಕೆ ಗಲಾಟೆ ಆಗಿ, ಕೊನೆಗೆ ಕೋಟೆಯೊಳಗೆ ಎಲ್ಲೂ ನೀರು ಮುಟ್ಟದ ಹಾಗೆ ನೋಡ್ಕೊಳ್ಳೋಕೆ ಸಿಪಾಯಿ ಹಿಂದೆ ಬಂದ. ನಾವು ಇದನ್ನ ಅವಮಾನದ ಕಥೆ ಅಂತ ಮಾತ್ರ ಓದಿದೀವಿ. ಆ ಮೂವತ್ತು ಜನಕ್ಕೆ ಒಂದು ರಜೆ ಬೇಕಿತ್ತು ಅನ್ನೋದನ್ನ ಯಾಕೆ ಓದಲ್ಲ? ಹತ್ತಾರು ಹೋರಾಟದ ನಡುವೆ ಇದ್ದವರು ಬಸ್ಸು ಹತ್ತಿ ಗುಹೆ ನೋಡೋಕೆ ಹೊರಟ್ರು. ಅವರನ್ನ ಯಾರಾದ್ರೂ 'ಹೋರಾಟ ಟೆಂಟಲ್ಲಿ ನಡೀತಾ' ಅಂತ ಕೇಳಿದ್ರಾ?

ನಮ್ಮಪ್ಪ ಅರವತ್ತೆರಡು ವರ್ಷ ಬದುಕಿದ್ರು. ಅವರು ಊರು ಬಿಟ್ಟು ಬೇರೆ ಕಡೆ ಹೋಗಿದ್ದು ಮೂರೇ ಕಾರಣಕ್ಕೆ: ಕೂಲಿ, ಸಾವು, ಕೋರ್ಟು. ಒಂದು ಬೆಟ್ಟ ನೋಡೋಕೆ ಅಂತ ಹೋದವರಲ್ಲ. ನನ್ನ ಮಗಳು ಅರ್ಕಾವತಿಯ ದಡದಲ್ಲಿ ಸುಮ್ಮನೆ, ಏನೂ ಮಾಡದೆ, ಎರಡು ಗಂಟೆ ಕೂತಿದ್ದನ್ನ ನೋಡಿ ನನಗೆ ಗಂಟಲು ಕಟ್ಟಿತು.

ಹಾಗಂತ ನಾವು ಬರೀ ಬೆಟ್ಟ ನೋಡಲಿಲ್ಲ. ಏಪ್ರಿಲಿನಲ್ಲಿ ನಿಪ್ಪಾಣಿಗೆ ಹೋದ್ವಿ, 1925ರಲ್ಲಿ ಬಾಬಾಸಾಹೇಬರು ಅಲ್ಲಿನ ಬಹಿಷ್ಕೃತ ಪರಿಷತ್ತಿಗೆ ಬಂದು ನೂರು ವರ್ಷ ಅಂತ. ಬಿಸಿಲಿಗೆ ಅರ್ಧ ಜನ ಮಲಗಿಬಿಟ್ರು. ಜುಲೈನಲ್ಲಿ ಕೆಜಿಎಫ್. 1954ರ ಜುಲೈನಲ್ಲಿ ಅವರು ಬಂದಿದ್ದ ಊರು. ಭೂಮಿಯೊಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಚಿನ್ನ ತೆಗೆದ ಜನ ನಮ್ಮವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ. ಸೈನೈಡ್ ದಿಬ್ಬದ ಮೇಲೆ ರೀಲ್ಸ್ ಮಾಡೋಕೆ ಬಂದವರನ್ನ ನೋಡಿ ನಮ್ಮ ಹುಡುಗ್ರು ರೇಗಿದ್ರು, ಹತ್ತು ನಿಮಿಷ ಬಿಟ್ಟು ಅವರೂ ಫೋಟೋ ತೆಗೆಸಿಕೊಂಡ್ರು.

ನವೆಂಬರಿನಲ್ಲಿ ಸನ್ನತಿ. ಕಲಬುರಗಿ ಜಿಲ್ಲೆ, ಭೀಮಾ ನದಿ ದಡ. ಸೆಪ್ಟೆಂಬರಿನ ನೆರೆ ಇಳಿದು ಹೋಗಿತ್ತು, ಗಿಡದ ಮೇಲೆ ಕೆಸರಿನ ಗೆರೆ ಹಾಗೇ ಇತ್ತು. 1986ರಲ್ಲಿ ಅಲ್ಲಿನ ಚಂದ್ರಲಾಂಬ ದೇವಸ್ಥಾನದ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯ ಜೊತೆ ನಿಂತ ಅಶೋಕನ ಶಿಲ್ಪ, ಮೇಲೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೋ' ಅಂತ ಹೆಸರು. ಹೆಸರು ಬರೆದ ಅಶೋಕನ ಚಿತ್ರ ಸಿಕ್ಕಿದ್ದು ಪಾಟ್ನಾದಲ್ಲಲ್ಲ, ನಮ್ಮ ಕಲಬುರಗಿಯಲ್ಲಿ. ಎಷ್ಟು ಶಾಲೆಯ ಮಕ್ಕಳನ್ನ ಅಲ್ಲಿಗೆ ಟೂರ್ ಕರ್ಕೊಂಡು ಹೋಗ್ತಾರೆ ಹೇಳಿ. ರಾತ್ರಿ ಒಬ್ಬ ಪೊಲೀಸ್ ಬೈಕಲ್ಲಿ ಬಂದು ಟಾರ್ಚ್ ಬಿಟ್ಟ. 'ಬೆಂಗಳೂರಿಂದ ಬಂದೀವಿ' ಅಂದಿದ್ದೇ ತಡ, 'ಸರಿ ಸಾರ್, ಹುಷಾರು, ಹಾವು ಇರ್ತಾವ' ಅಂದು ಹೋದ.

ಆ 'ಸರಿ ಸಾರ್' ನನ್ನನ್ನ ಮಲಗೋಕೆ ಬಿಡಲಿಲ್ಲ. ಯಾಕಂದ್ರೆ ಅಷ್ಟರಲ್ಲಿ ಫ್ರೀಡಂ ಪಾರ್ಕ್ ಆಗಿಹೋಗಿತ್ತು.

ನಿಮಗೆ ಗೊತ್ತೇ ಇದೆ. ಆಗಸ್ಟಿನಲ್ಲಿ ನಾಗಮೋಹನ ದಾಸ್ ಆಯೋಗ ವರದಿ ಕೊಟ್ಟು, 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕ ಶೇ. 1 ಶಿಫಾರಸು ಮಾಡಿತು. ಆಗಸ್ಟ್ 19ರ ಸಂಪುಟ ಸಭೆ ಅದನ್ನ 6-6-5 ಮಾಡಿ, ಅಲೆಮಾರಿಗಳನ್ನ ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆ 5ರ ಗುಂಪಿಗೆ ಹಾಕಿತು. ನಮ್ಮ ಎಡ, ಬಲ ಎರಡೂ ಕಡೆ 'ನಮ್ಮ ಆರು ನಮಗೆ ಬಂತು' ಅಂತ ಸಿಹಿ ಹಂಚಿದ್ರು. ನಾನೂ ತಿಂದೆ. ಮಾರನೇ ವಾರ ಫ್ರೀಡಂ ಪಾರ್ಕಿಗೆ ಹೋದ್ರೆ ಸುಡುಗಾಡು ಸಿದ್ಧರು, ಬುಡ್ಗ ಜಂಗಮರು, ದೊಂಬರು, ಹಂದಿಜೋಗಿಗಳು ಮಕ್ಕಳು ಮರಿ ಕಟ್ಕೊಂಡು ಕೂತಿದ್ರು. ಬೆಂಬಲದ ಭಾಷಣ ಮಾಡಿ ಇಳಿದೆ. ಮೊಬೈಲಲ್ಲಿ ನಮ್ಮ ಗಾಡಿ, ಟೆಂಟಿನ ಫೋಟೋ ಯಾರೋ ತೋರಿಸ್ತಿದ್ರು. ಒಬ್ಬ ಅಜ್ಜಿ ಕೇಳಿದ್ಲು: 'ಇದ್ಕೆ ರೊಕ್ಕ ಕೊಡ್ತೀರಾ? ರಾತ್ರಿಗೆ ಎಷ್ಟು?'

'ಕೆಲವು ಕಡೆ ಒಂದೂವರೆ ಸಾವಿರ ಅಮ್ಮ, ಒಬ್ಬರಿಗೆ.'

ಅಜ್ಜಿ ಬಿದ್ದು ಬಿದ್ದು ನಕ್ಕಳು. 'ಎಪ್ಪತ್ತು ವರ್ಷದಿಂದ ಹಿಂಗೇ ಮಲಗೀನಿ, ನಂಗೆ ಯಾರೂ ಕೊಡ್ಲಿಲ್ಲ ನೋಡು. ಎಬ್ಬಿಸ್ಯಾರ ಮಾತ್ರ.'

ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಇಂಥ ಎಷ್ಟೋ ಸಮುದಾಯಗಳನ್ನ ಹುಟ್ಟು ಕಳ್ಳರು ಅಂತ ಬರೆದ್ರು. ಊರು ಬಿಟ್ಟು ಊರಿಗೆ ಹೋಗೋಕೆ ಅಪ್ಪಣೆ ಬೇಕು, ಹಾಜರಿ ಹಾಕಬೇಕು. ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ, 1952ರಲ್ಲಿ, ಆ ಪಟ್ಟಿ ಹೋಯ್ತು. ಅನುಮಾನ ಹೋಗಲಿಲ್ಲ. ಊರ ಹೊರಗೆ ಟಾರ್ಪಾಲು ಕಟ್ಟಿದವರ ಹತ್ರ ಅದೇ ಪೊಲೀಸ್ ಬಂದ್ರೆ 'ಸರಿ ಸಾರ್' ಅಂತಾನಾ? ನನ್ನ ಟೆಂಟಿಗೆ 'ಔಟ್‌ಡೋರ್', ಅವಳ ಟೆಂಟಿಗೆ 'ಗುಡಿಸಲು, ತೆರವು ಮಾಡಿ'. ನನ್ನನ್ನ ತೋಟದಿಂದ ಹೊರಗೆ ಹಾಕಿದವರ ಮೇಲೆ ಇಷ್ಟುದ್ದ ಬರೆದವನು ನಾನು. ಆ ಅಜ್ಜಿಯ ಶೇ. 1ರ ಬಗ್ಗೆ, ನಮ್ಮ ಆರರಲ್ಲಿ ಸ್ವಲ್ಪ ಬಿಡೋಣ ಅಂತ ಸಭೆಯಲ್ಲಿ ಎದ್ದು ನಿಂತು ಹೇಳಿದ್ನಾ? ಇಲ್ಲ. ಖಾಸಗಿಯಾಗಿ ಹೇಳಿದೆ, ಟೀ ಅಂಗಡಿಯಲ್ಲಿ. ಹಾಗಾಗಿ ಸಂಗಾತಿಗಳು ನನ್ನನ್ನ ಬೈಯೋದಿದ್ರೆ ಟೆಂಟಿಗೆ ಬೈಬೇಡಿ, ಇದಕ್ಕೆ ಬೈರಿ. ಈಗ ಬಹಿರಂಗವಾಗಿ ಬರೀತಿದ್ದೀನಿ: ಆ ಒಂದು ಅವರದು, ಪ್ರತ್ಯೇಕವಾಗಿ ಕೊಡಲೇಬೇಕು. ನಮ್ಮ ಪಾಲಿಂದ ಹೋದ್ರೂ ಹೋಗಲಿ. ಒಪ್ಪದವರು ಕಮೆಂಟಲ್ಲಿ ಬನ್ನಿ, ಜಗಳ ಮಾಡೋಣ.

ಇನ್ನೊಂದು ಬೇಡಿಕೆ ಸಣ್ಣದು. ಸರ್ಕಾರ ಕೆರೆ ದಡ, ಅಣೆಕಟ್ಟು, ಕಾಡಂಚನ್ನೆಲ್ಲಾ ಖಾಸಗಿ ಕ್ಯಾಂಪಿನವರಿಗೆ ಬಿಟ್ಟು ಕೂರಬಾರದು. ತಾಲೂಕಿಗೊಂದು ಸಾರ್ವಜನಿಕ ಬಿಡಾರದ ಮೈದಾನ ಮಾಡಲಿ. ನೀರು, ದೀಪ, ಹೆಂಗಸರಿಗೆ ಬೀಗ ಇರೋ ಟಾಯ್ಲೆಟ್ಟು, ಬಾಗಿಲಲ್ಲಿ 15ನೇ ವಿಧಿಯ ಬೋರ್ಡು. ಶನಿವಾರ ಬೆಂಗಳೂರಿನವರು ಮಲಗಲಿ, ಸೋಮವಾರ ಅಲೆಮಾರಿಗಳು ಬಂದ್ರೆ ಅವರನ್ನೂ ಯಾರೂ ಎಬ್ಬಿಸಬಾರದು.

ಗಾಡಿ ಈಗ ಗ್ಯಾರೇಜಲ್ಲಿದೆ, ಕ್ಲಚ್ ಪ್ಲೇಟ್ ಹೋಗಿದೆ. ಜನವರಿ ಕೊನೇ ವಾರ ಬದನವಾಳಿಗೆ ಹೋಗೋ ಯೋಚನೆ. ಎರಡು ಸೀಟು ಖಾಲಿ ಇದೆ. ಹಿರಿಯ ಸಂಗಾತಿ ಬರ್ತೀನಿ ಅಂದ್ರೆ ಮುಂದಿನ ಸೀಟು ಅವರಿಗೇ. ಡೀಸೆಲ್ ಪಾಲು ಮಾತ್ರ ಕೊಡಬೇಕು, ಹೊದಿಕೆ ಅವರೇ ತರಬೇಕು.