ಲೋಕದ ಚರಿತ್ರೆ ನಮ್ಮ ಬೀದಿಯಲ್ಲೂ ನಡೆದಿದೆ

ಮೊದಲನೇ ಮಹಾಯುದ್ಧಕ್ಕೆ ತಕ್ಷಣದ ಕಾರಣವೇನು?

ಹೈಸ್ಕೂಲು ದಾಟಿದ ಯಾವ ಕನ್ನಡದ ಹುಡುಗ ಹುಡುಗಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಉತ್ತರ ಸಿದ್ಧ: ಆಸ್ಟ್ರಿಯಾದ ರಾಜಕುಮಾರ ಫರ್ಡಿನೆಂಡನ ಕೊಲೆ. ಒಂದು ಅಂಕ ಗಟ್ಟಿ. ಊರು ಸರಾಯೆವೊ, ದಿನ 1914ರ ಜೂನ್ 28 ಎಂದೂ ಸೇರಿಸಿದರೆ ಮೇಷ್ಟ್ರು ಬೆನ್ನು ತಟ್ಟುತ್ತಾರೆ.

ಈಗ ಇನ್ನೊಂದು ಪ್ರಶ್ನೆ. ಆ ಯುದ್ಧಕ್ಕೂ ಬೆಂಗಳೂರಿನ ಮುನಿರೆಡ್ಡಿಪಾಳ್ಯಕ್ಕೂ ಏನು ಸಂಬಂಧ?

ಉತ್ತರವಿಲ್ಲ. ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯ ಸ್ಮಾರಕ ಅಲ್ಲೇ ರಸ್ತೆ ಬದಿಯಲ್ಲಿ ನಿಂತಿದೆ. ದಿನಾ ಬಸ್ಸಿನಲ್ಲಿ ಅದನ್ನು ದಾಟಿ ಹೋಗುವ ನಮಗೆ ಅದು ಬರೀ ಕಲ್ಲು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಲ್ಲಿಂದ ಹೊರಟ ಆ ಸವಾರರು 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯ ಜತೆಗೂಡಿ ತುರ್ಕರ ಕೈಯಿಂದ ಹೈಫಾ ಪಟ್ಟಣವನ್ನು ಗೆದ್ದರು. ಇಂದು ಆ ಊರು ಇಸ್ರೇಲಿನಲ್ಲಿದೆ.

ಹೆಮ್ಮೆ ಪಡೋಣ, ತಪ್ಪೇನಿಲ್ಲ. ಆದರೆ ಹೆಮ್ಮೆಯಲ್ಲೇ ಪಾಠ ಮುಗಿದರೆ ಅದು ಚರಿತ್ರೆಯಲ್ಲ, ಜಾತ್ರೆ. ಆ ಸವಾರನಿಗೂ ತುರ್ಕಿಯವನಿಗೂ ಏನು ಜಗಳವಿತ್ತು ಸ್ವಾಮಿ? ಅವನು ಯಾರ ಸಾಮ್ರಾಜ್ಯಕ್ಕಾಗಿ ಸತ್ತ? ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿ ಆ ಯುದ್ಧಕ್ಕೆ ಹೋದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ತಿರುಗಿ ಬರಲಿಲ್ಲ. ಅದಕ್ಕೆ ಸಿಕ್ಕ ಬಹುಮಾನ 1919ರ ರೌಲತ್ ಕಾಯ್ದೆ ಮತ್ತು ಜಲಿಯನ್‌ವಾಲಾ ಬಾಗಿನ ಗುಂಡು. ಇದನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿ ತೋರಿಸದ ಪಾಠ ಪಾಠವೇ ಅಲ್ಲ.

ನಮ್ಮ ತಕರಾರು ಇಷ್ಟೇ. ಆಧುನಿಕ ಜಗತ್ತಿನ ಇತಿಹಾಸವನ್ನು ನಮ್ಮ ಮಕ್ಕಳು ಪರರ ಮನೆಯ ಮದುವೆಯನ್ನು ಬೇಲಿಯಾಚೆಯಿಂದ ನೋಡುವವರ ಹಾಗೆ ಓದುತ್ತಿದ್ದಾರೆ. ಇಸವಿ, ಹೆಸರು, ಒಪ್ಪಂದ, ಬಿಟ್ಟ ಸ್ಥಳ ತುಂಬಿರಿ. ಪರೀಕ್ಷೆ ಮುಗಿದ ಸಂಜೆಗೆ ಎಲ್ಲ ಮಂಗಮಾಯ. ಲೋಕ ಅಲ್ಲೆಲ್ಲೋ ಇದೆ, ನಾವು ಇಲ್ಲಿ ಮೂಲೆಯಲ್ಲಿ ಇದ್ದೇವೆ ಎಂಬ ಕೀಳರಿಮೆ ಮಾತ್ರ ಉಳಿಯುತ್ತದೆ.

ನಿಜ ಬೇರೆಯೇ ಇದೆ. ಧಾರವಾಡದ ಹತ್ತಿಯನ್ನೇ ನೋಡಿ. ಬ್ರಿಟನ್ನಿನ ಗಿರಣಿಗಳು ತಮಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲನ್ನು ಅಮೆರಿಕದಿಂದ ತರಿಸುತ್ತಿದ್ದವು. ಅದನ್ನು ಬೆಳೆಯುತ್ತಿದ್ದವರು ಕರಿಯ ಗುಲಾಮರು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿತು. ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿದರು. ಲ್ಯಾಂಕಷೈರಿನ ಮಗ್ಗಗಳು ನಿಂತವು, ಕೂಲಿಗಳು ಉಪವಾಸ ಬಿದ್ದರು. ಗಿರಣಿ ಮಾಲೀಕರ ಕಣ್ಣು ಭಾರತದ ಕರಿಮಣ್ಣಿನ ಮೇಲೆ ಬಿತ್ತು. ಧಾರವಾಡ ಸೀಮೆಯ ಹೊಲಗಳಲ್ಲಿ ಅದಾಗಲೇ ಅಮೆರಿಕದ ತಳಿಯ ಹತ್ತಿ ಬೆಳೆಯುತ್ತಿತ್ತು. ಊರ ತಳಿಗೆ, ಅದನ್ನು ಹಡಗಿಗೆ ಏರಿಸುತ್ತಿದ್ದ ಬಂದರಿನಿಂದಾಗಿ, 'ಕುಮಟಾ' ಎಂದೇ ಹೆಸರು. ಹತ್ತಿಯ ಬೆಲೆ ಆಕಾಶಕ್ಕೆ ಏರಿತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಧೊಪ್ಪನೆ ಕುಸಿಯಿತು. ಮುಂಬಯಿಯ ಷೇರು ಪೇಟೆಯೂ ಮುಳುಗಿತು.

ಲಿಂಕನ್ನನ ಹೆಸರು ಎಲ್ಲರಿಗೂ ಗೊತ್ತು. ಅವನ ಯುದ್ಧ ನಮ್ಮ ಹೊಲಕ್ಕೆ ಬಂದು ಹೋದದ್ದು ಎಷ್ಟು ಜನಕ್ಕೆ ಗೊತ್ತು?

ಬೆಂಗಳೂರಿನವರಿಗೆ ಇನ್ನೊಂದು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಹಬ್ಬಿದ ಪ್ಲೇಗು ಹಡಗು ಹತ್ತಿ 1896ರಲ್ಲಿ ಮುಂಬಯಿಗೆ, ಅಲ್ಲಿಂದ 1898ರಲ್ಲಿ ಬೆಂಗಳೂರಿಗೆ ಬಂತು. ಒಡೆಸ್ಸಾದಲ್ಲಿ ಹುಟ್ಟಿದ ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ತಯಾರಿಸಿದ ಲಸಿಕೆಯನ್ನು ಅದೇ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಚುಚ್ಚಿದರು. ಇಕ್ಕಟ್ಟಾದ ಪೇಟೆ ಬಿಟ್ಟು ಓಡಿದ ಜನರಿಂದ ಮಲ್ಲೇಶ್ವರ, ಬಸವನಗುಡಿ ಬೇಗ ತುಂಬಿದವು. ಪ್ಲೇಗಮ್ಮನ ಗುಡಿಗಳು ಎದ್ದವು. ಆವಿಹಡಗು, ರೈಲು, ವಸಾಹತು ವ್ಯಾಪಾರ, ಹೊಸ ವೈದ್ಯವಿಜ್ಞಾನ, ಆಧುನಿಕ ಯುಗವೆಂದರೆ ಏನೇನು ಹೇಳುತ್ತಾರೋ ಅದೆಲ್ಲವೂ ಈ ಒಂದು ಕತೆಯಲ್ಲಿದೆ. ನೀವು ಕಾಫಿ ಕುಡಿಯಲು ಹೋಗುವ ಬೀದಿಯೇ ಪಠ್ಯಪುಸ್ತಕ.

ಹಾಗೆಂದು ಬರೀ ನಮ್ಮೂರಿನದೇ ಹೇಳಿ ಎಂದು ನಾವು ಕೇಳುತ್ತಿಲ್ಲ. ಅದು ಬಾವಿಕಪ್ಪೆಯ ಚರಿತ್ರೆಯಾದೀತು. ಫ್ರಾನ್ಸಿನ 1789ರ ಕ್ರಾಂತಿ ಬೇಕು. ಅದರ ಪಕ್ಕದಲ್ಲೇ ಹೈಟಿಯೂ ಬೇಕು. ಸ್ವಾತಂತ್ರ್ಯ, ಸಮಾನತೆ ಎಂದು ಪ್ಯಾರಿಸ್ಸಿನವರು ಕೂಗಿದಾಗ, ಹೈಟಿಯ ಗುಲಾಮರು ಆ ಮಾತು ನಮಗೂ ಸಲ್ಲುತ್ತದೆ ಎಂದು 1791ರಲ್ಲಿ ದಂಗೆಯೆದ್ದರು, 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಅದೇ ಫ್ರಾನ್ಸು ಅವರ ಮೇಲೆ ಹದಿನೈದು ಕೋಟಿ ಫ್ರಾಂಕಿನ ದಂಡ ಹೊರಿಸಿತು. ಇದನ್ನು ಓದಿದ ಹುಡುಗಿ ದೊಡ್ಡ ಮಾತಿಗೆ ಬೆರಗಾಗಿ ಸುಮ್ಮನಾಗುವುದಿಲ್ಲ. ಆ ಮಾತಿನ ಲೆಕ್ಕ ಕೇಳುತ್ತಾಳೆ.

ನಮ್ಮ ಚಳವಳಿಗೂ ಇಲ್ಲೊಂದು ಪಾಠವಿದೆ, ಕಹಿಯಾದರೂ ನುಂಗೋಣ. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ನುಡಿಗಾಗಿ ವಿದ್ಯಾರ್ಥಿಗಳು ಗುಂಡಿಗೆ ಎದೆಯೊಡ್ಡಿದರು. 1976ರ ಜೂನ್ 16ರಂದು ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ, ಆಫ್ರಿಕಾನ್ಸ್ ಭಾಷೆಯ ಹೇರಿಕೆ ಬೇಡವೆಂದ ಶಾಲಾಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇವೆರಡೂ ಪ್ರತಿ ಹೈಸ್ಕೂಲಿನ ಪಾಠವಾಗಬೇಕು. ಆದರೆ ಕತೆಯ ಉಳಿದ ಅರ್ಧವೂ ಬೇಕು. ನುಡಿಗಾಗಿ ರಕ್ತ ಕೊಟ್ಟ ಅದೇ ನಾಡು 1972ರ ತನ್ನ ಸಂವಿಧಾನದಲ್ಲಿ ಪ್ರಜೆಗಳೆಲ್ಲ ಬಂಗಾಳಿಗಳು ಎಂದು ಬರೆದಾಗ, ಚಿತ್ತಗಾಂಗ್ ಗುಡ್ಡಗಾಡಿನ ಚಕ್ಮಾ ಜನ ನಾವು ಬಂಗಾಳಿಗಳಲ್ಲ ಎಂದು ಪ್ರತಿಭಟಿಸಿದರು. ನಾಳೆ ತುಳುವಿನ ಹುಡುಗನೋ ಕೊಡವ ಹುಡುಗಿಯೋ ನಮ್ಮನ್ನು ಇಂಥದೇ ಪ್ರಶ್ನೆ ಕೇಳಿದರೆ ತಲೆ ತಗ್ಗಿಸುವಂತಾಗಬಾರದು. ಪರರ ತಪ್ಪನ್ನು ತೋರಿಸುವ ಚರಿತ್ರೆ ಸುಲಭ. ನಮ್ಮ ತಪ್ಪನ್ನು ಮೊದಲೇ ಎಚ್ಚರಿಸುವ ಚರಿತ್ರೆಯೇ ಕಷ್ಟದ್ದು, ಬೇಕಾದದ್ದೂ ಅದೇ.

ಹಾಗಾದರೆ ತರಗತಿಯಿಂದ ಏನು ನಿರೀಕ್ಷಿಸಬೇಕು? ಪುಸ್ತಕದ ಒಂದು ಮಾತು ಓದಿದರೆ, ಇದನ್ನು ಹೇಳಿದವರು ಯಾರು, ಯಾವಾಗ, ಯಾರ ಲಾಭಕ್ಕೆ ಎಂದು ಮಕ್ಕಳು ಕೇಳಬೇಕು. ಒಂದೇ ಘಟನೆಗೆ ಗೆದ್ದವನ ಮಾತು, ಸೋತವನ ಮಾತು ಎರಡನ್ನೂ ಎದುರುಬದುರು ಇಟ್ಟು ತೂಗಬೇಕು. ಭೂಪಟದ ಮೇಲೆ ಬೆರಳಿಟ್ಟು ಕುಮಟಾದಿಂದ ಮುಂಬಯಿ, ಮುಂಬಯಿಯಿಂದ ಲ್ಯಾಂಕಷೈರಿನವರೆಗೆ ಹತ್ತಿಯ ದಾರಿ ತೋರಿಸಬೇಕು. ತನಗೆ ಹೊಳೆದ ಕಾರಣವನ್ನು ಗೈಡಿನ ಕನ್ನಡದಲ್ಲಲ್ಲ, ತನ್ನ ಕನ್ನಡದಲ್ಲಿ ಒಂದು ಪುಟ ಬರೆಯಬೇಕು. ಪರೀಕ್ಷೆಯ ಪ್ರಶ್ನೆಯೂ ಬದಲಾಗಲಿ: "ಅಮೆರಿಕದಲ್ಲಿ ಯುದ್ಧವಾದರೆ ಧಾರವಾಡದಲ್ಲಿ ಹತ್ತಿಯ ಬೆಲೆ ಏರಿದ್ದೇಕೆ?" ಇದಕ್ಕೆ ನಾಲ್ಕು ಅಂಕ ಕೊಡಿ.

ಮೇಷ್ಟ್ರುಗಳನ್ನು ಬೈದು ಫಲವಿಲ್ಲ. ಸಿಲಬಸ್ ಮುಗಿಸುವ ಧಾವಂತ, ಫಲಿತಾಂಶದ ಕತ್ತಿ ಅವರ ನೆತ್ತಿಯ ಮೇಲಿದೆ. ಪಠ್ಯ ರಚಿಸುವವರು ಪಾಠ ಕಡಿಮೆ ಮಾಡಿ ಆಳ ಹೆಚ್ಚಿಸಲಿ. ಸರ್ಕಾರ ಬದಲಾದಾಗಲೆಲ್ಲ ಯಾರನ್ನು ಸೇರಿಸಬೇಕು, ಯಾರನ್ನು ಕಿತ್ತುಹಾಕಬೇಕು ಎಂಬ ಜಗಳದಲ್ಲಿ ಮಗು ಯೋಚಿಸಲು ಕಲಿಯಿತೇ ಎಂದು ಕೇಳುವವರೇ ಇಲ್ಲವಾಗಿದ್ದಾರೆ.

ಗೆಳೆಯರೇ, ನಿಮಗೂ ಒಂದು ಕೆಲಸವಿದೆ. ನಗರದಲ್ಲಿದ್ದೀರಿ, ಎರಡು ಭಾಷೆ ಓದುತ್ತೀರಿ, ಗ್ರಂಥಾಲಯ ಹತ್ತಿರವಿದೆ. ಈ ರಾಜ್ಯೋತ್ಸವಕ್ಕೆ ಬಾವುಟ ಕಟ್ಟಿ, ಸಂತೋಷ. ಅದರ ಮರುವಾರ ನಿಮ್ಮ ಬಡಾವಣೆಯ ಸರ್ಕಾರಿ ಹೈಸ್ಕೂಲಿಗೆ ಹೋಗಿ, ಮೇಷ್ಟ್ರ ಅನುಮತಿ ಕೇಳಿ, ಒಂದೇ ಒಂದು ಪಿರಿಯಡ್ ಪ್ಲೇಗಿನ ಕತೆಯನ್ನೋ ಹತ್ತಿಯ ಕತೆಯನ್ನೋ ಒಳ್ಳೆಯ ಕನ್ನಡದಲ್ಲಿ ಹೇಳಿ ಬನ್ನಿ. ಹೋಗುವ ದಾರಿಯಲ್ಲಿ ಮುನಿರೆಡ್ಡಿಪಾಳ್ಯ ಸಿಕ್ಕರೆ ಬಸ್ಸಿಳಿದು ಆ ಕಲ್ಲಿನ ಮೇಲೆ ಏನು ಬರೆದಿದೆ ಎಂದು ಮೊದಲು ಓದಿಕೊಳ್ಳಿ.