ಬೆರಳು ದಪ್ಪವಲ್ಲ, ಗುಂಡಿ ಸಣ್ಣದು

ಭಾವನವರಿಗೆ ಆಪರೇಷನ್ ಆಯ್ತು ಅಂತ ತಿಳಿದ ದಿನ ಅಕ್ಕನಿಗೆ ಫೋನಿನಲ್ಲೇ ಪತ್ರ ಬರೆಯಲು ಕೂತೆ. ಮಾತಾಡಿದರೆ ಇಬ್ಬರಿಗೂ ಅಳು ಬರುತ್ತೆ, ಬರೆಯೋದೇ ವಾಸಿ ಅನ್ನಿಸ್ತು. ಅರ್ಧ ಗಂಟೆ ಬರೆದೆ. ನಡುವೆ ಒಂದು ತಪ್ಪಕ್ಷರ ತಿದ್ದೋಣವೆಂದು ಬೆರಳಿಟ್ಟರೆ ಪತ್ರವೆಲ್ಲ ನೀಲಿಯಾಯಿತು. ಗಾಬರಿಯಲ್ಲಿ ಇನ್ಯಾವುದೋ ಅಕ್ಷರ ತಗುಲಿತು. ಪತ್ರವೇ ಮಾಯ! "ನಿನ್ನ ಬೆರಳು ದಪ್ಪ ಕಣಮ್ಮಾ" ಎಂದು ಮಗ ನಕ್ಕ. ನನಗೆ ನಗು ಬರಲಿಲ್ಲ.

ತಪ್ಪು ಬೆರಳಿನದಲ್ಲ, ಸೋದರಿಯರೇ. ಬೆರಳಿಟ್ಟ ಕೂಡಲೇ ಅಕ್ಷರ ಅದರಡಿ ಮುಚ್ಚಿಹೋಗುತ್ತೆ. ಕಾಣದ ಜಾಗಕ್ಕೆ ಗುರಿ ಇಡುವುದು ಹೇಗೆ? ಒತ್ತುವ ಗುಂಡಿ ಕಡೇಪಕ್ಷ 9 ಮಿಲಿಮೀಟರ್‌ನಷ್ಟಾದರೂ, ಅಂದರೆ ಒಂದು ಕಾಬೂಲಿ ಕಡಲೆಯಷ್ಟಾದರೂ ಇರಲಿ ಎಂದು ಆಂಡ್ರಾಯ್ಡ್ ಆಪ್ ಮಾಡುವವರಿಗೆ ಗೂಗಲ್ ಸಂಸ್ಥೆಯೇ ಹೇಳಿದೆ. ಆದರೂ ಎಷ್ಟೋ ಕಡೆ ಸಾಸಿವೆಯಂಥ ಗುಂಡಿಗಳು! ಅಳಿಸುವ ಗುಂಡಿಗೆ ಅಂಟಿಕೊಂಡೇ ಕಳಿಸುವ ಗುಂಡಿ. ಸಕ್ಕರೆ ಡಬ್ಬಿಯ ಪಕ್ಕ ಅಂಥದೇ ಉಪ್ಪಿನ ಡಬ್ಬಿಯನ್ನು ನಾವು ಇಡುತ್ತೇವೆಯೇ?

ಕನ್ನಡಕ್ಕೆ ಇನ್ನೊಂದು ಕಷ್ಟ. 'ಸ್ತ್ರೀ' ನಮಗೆ ಒಂದೇ ಅಕ್ಷರ. ಫೋನಿನ ಲೆಕ್ಕದಲ್ಲಿ ಅದು ಆರು ತುಂಡು. ಹಲವು ಕೀಲಿಮಣೆಗಳಲ್ಲಿ ಅದನ್ನು ಅಳಿಸಲು ಆರು ಸಲ ಒತ್ತಬೇಕು. ಏಳನೆಯದು ಒತ್ತಿದಿರೋ, ಹಿಂದಿನ ಪದಕ್ಕೂ ಕುತ್ತು.

ಸದ್ಯಕ್ಕೆ ಕೆಲವು ಉಪಾಯಗಳು:

ತಪ್ಪಿನ ಮೇಲೆ ಬೆರಳಿಡಬೇಡಿ. ಜಿಬೋರ್ಡ್ ಕೀಲಿಮಣೆಯಲ್ಲಿ ಕೆಳಗಿನ ಉದ್ದನೆಯ ಸ್ಪೇಸ್ ಪಟ್ಟಿಯ ಮೇಲೆ ಬೆರಳನ್ನು ಎಡಕ್ಕೋ ಬಲಕ್ಕೋ ಜಾರಿಸಿ. ಮಿನುಗುವ ಗೆರೆ ತಾನೇ ಸರಿಯುತ್ತೆ. ಐಫೋನಿನಲ್ಲಾದರೆ ಆ ಪಟ್ಟಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಜಾರಿಸಬೇಕು.

ಬರಹ ನೀಲಿಯಾದರೆ ಕೀಲಿಮಣೆ ಮುಟ್ಟಬೇಡಿ. ಬರಹದ ಮೇಲೆಯೇ ಬೇರೆ ಕಡೆ ಒಮ್ಮೆ ತಟ್ಟಿ. ನೀಲಿ ಹೋಗುತ್ತೆ.

ಉದ್ದದ ಪತ್ರವನ್ನು ಟಿಪ್ಪಣಿ ಆಪ್‌ನಲ್ಲಿ ಬರೆದು, ಆಮೇಲೆ ನಕಲು ಮಾಡಿ ಕಳಿಸಿ. ಅಂಥ ಹಲವು ಆಪ್‌ಗಳಲ್ಲಿ ಎಡಕ್ಕೆ ಬಾಗಿದ ಬಾಣವಿರುತ್ತೆ. ಒತ್ತಿದರೆ ಅಳಿಸಿದ್ದು ಮರಳಿ ಬರುತ್ತೆ.

ಆ ಬಾಣವನ್ನು ಎಲ್ಲ ಕಡೆಯೂ, ಕಣ್ಣಿಗೆ ಕಾಣುವಂತೆ ದೊಡ್ಡದಾಗಿ ಇಡಿ ಅನ್ನುವುದೊಂದೇ ಆಪ್ ಮಾಡುವವರಲ್ಲಿ ನನ್ನ ಕೋರಿಕೆ. ಅಕ್ಕನಿಗೆ ಎರಡನೇ ಸಲ ಬರೆದ ಪತ್ರ ಚಿಕ್ಕದಾಯ್ತು. ಮೊದಲಿನದರಲ್ಲಿ ಅಮ್ಮ ಹೇಳುತ್ತಿದ್ದ ಧೈರ್ಯದ ಮಾತೊಂದನ್ನು ನನ್ನದೇ ರೀತಿಯಲ್ಲಿ ಚೆನ್ನಾಗಿ ಬರೆದಿದ್ದೆ. ಎಷ್ಟು ಯೋಚಿಸಿದರೂ ಅದು ಮತ್ತೆ ಹಾಗೆ ಬರಲೇ ಇಲ್ಲ.